ತೂಗದ ತೂಗುಸೇತುವೆ

ಗೋಕಾಕ ಫಾಲ್ಸಿನ ತೂಗುಸೇತುವೆ ದುರಸ್ತಿಯಾದ ಮೇಲೆ ಮೊದಲಿನಂತೆ ತೂಗುತ್ತಿಲ್ಲ ಎಂಬ ಗಂಭೀರ ದೂರು ನನ್ನ ಬಳಿ ಬಂತು. ಪುಸ್ತಕವೊಂದಕ್ಕಾಗಿ ನಾನು ಅದರ ಫೋಟೊ ತೆಗೆಯುತ್ತಿದ್ದೆ. ದೂರು ಕೊಟ್ಟವರು ಅಂಕಲಗಿಯಿಂದ ಗಂಡನೊಡನೆ ಬಂದಿದ್ದ ಅಜ್ಜಿ.

“ಲಗ್ನಾದ ಹೊಸದಾಗಿ ಇದರ ಮ್ಯಾಲ ಹೊಂಟಾಗ ಅಂಜಿಕಿ ನೆವಾ ಮಾಡಿ ಇವ್ರ ಕೈ ಹಿಡದಿದ್ದೆ ನೋಡ್ರಿ. ಮಂದ್ಯಾಗ ಅದೊಂದ ಸಲ. ಹಂಗ ಒಂದು ಫೋಟೊ ಬೇಕಾಗೈತ್ರಿ.”

“ಈಗ ಅಲ್ಲಾಡೂದಿಲ್ಲಲ್ಲ, ಕೈ ಯಾಕ? ಮಂದಿ ನೋಡತಾರ,” ಎಂದರು ಅಜ್ಜ.

ಅಜ್ಜಿ ಒಬ್ಬರೇ ಮುಂದೆ ನಡೆದರು. ಅಜ್ಜ ಹಿಂದಿನಿಂದ ಕೂಗಿದರು.

“ಏ, ನಿಂದರ. ಮೊಣಕಾಲು ಹಿಡಕೊಂಡೈತಿ. ಕೈ ಕೊಡ.”

ಸೇತುವೆಗೆ ಬರುವ ಮೆಟ್ಟಿಲು ಹತ್ತುವಾಗ ನನ್ನನ್ನು ಹಿಂದೆ ಹಾಕಿದ್ದ ಮೊಣಕಾಲು ಅದು.

ಫೋಟೊ ತೆಗೆದೆ. ಸೇತುವೆ ಪೂರ್ತಿ ಕಾಣುವುದಿಲ್ಲವೆಂದು ಪುಸ್ತಕದವರು ಅದನ್ನು ಬಳಸಲಿಲ್ಲ.