ಮಾಸ್ಟರು ಹೇಳದೆ ಬಿಟ್ಟ ಮೂರು ಗಂಟೆ

ಶಾಲೆಯ ಯೂನಿಫಾರ್ಮ್ ಹೊಲಿಯುವ ಆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರನ್ನು ಹೆಂಗಸರೆಲ್ಲ ಬೆನ್ನ ಹಿಂದೆ 'ಇಸ್ತ್ರಿ ಮಾಸ್ಟ್ರು' ಎನ್ನುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಪ್ಯಾಂಟಿನ ಗೆರೆ ಹೇಗಿರುತ್ತಿತ್ತೋ ಸಂಜೆ ಆರಕ್ಕೂ ಹಾಗೆಯೇ. ನಲವತ್ತು ಪದರ ಬಟ್ಟೆಯನ್ನು ಉದ್ದ ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಅವರು ಕತ್ತರಿಸಲು ಹೊರಟರೆ ಒಂದು ನೂಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಯಾರಾದರೂ ಕೆದರಿದ ತಲೆಯಲ್ಲಿ ಬಂದರೆ, "ಬಟ್ಟೆ ಹೊಲಿಯೋರೇ ಹೀಗೆ ಬಂದ್ರೆ ನೋಡಿದೋರು ಏನಂದ್ಕೋತಾರೆ?" ಎಂದು ಗದರುವರು. ನೋಡಿದವರು ಏನಂದುಕೊಳ್ಳುತ್ತಾರೆ ಎಂಬುದು ಅವರಿಗೆ ಊಟ ನಿದ್ದೆಗಿಂತ ದೊಡ್ಡದು. ತಮಗೆ ಬಿಪಿ ಇರುವುದನ್ನು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ನಾಲ್ಕು ಜನರೆದುರು ಮಾತ್ರೆ ನುಂಗುವುದು ಬೇಡವೆಂದು ಎಷ್ಟೋ ದಿನ ನುಂಗುತ್ತಲೇ ಇರಲಿಲ್ಲ.

ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಲಗೈಯಿಂದ ಸೀಮೆಸುಣ್ಣ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಬಲಗಾಲು ಯಾರದೋ ಕಾಲಿನಂತಾಯಿತು. ಮೇಜಿಗೆ ಆತು ನಿಂತಾಗಲೇ ಪ್ಯಾಂಟು ಒದ್ದೆಯಾದದ್ದು ತಿಳಿದದ್ದು. ಎದುರಿಗೆ ಮೂವತ್ತು ಮಿಷಿನ್ನು, ಮೂವತ್ತು ಹೆಂಗಸರು. ಅದೃಷ್ಟಕ್ಕೆ ಎಲ್ಲರ ಕಣ್ಣೂ ಹೊಲಿಗೆಯ ಮೇಲಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಮಾಸ್ಟರಿಗೆ. ಗೋಡೆಗೆ ಒರಗುತ್ತ, ಕಾಲೆಳೆಯುತ್ತ ಹೋಗಿ ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡರು.

ಅದನ್ನು ಕಂಡವಳು ಒಬ್ಬಳೇ. ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕುವುದು ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಚೆಕಿಂಗಕ್ಕ. ಹೋಗಿ ಬಾಗಿಲು ತಟ್ಟಿದಳು.

"ಮಾಸ್ಟ್ರೇ, ಏನಾಯ್ತು?"

"ಬತ್ತೀ... ಓಗು." ಒಳಗಿನ ದನಿ ತೊದಲುತ್ತಿತ್ತು.

ಒಳಗೆ ಮಾಸ್ಟರು ನೆಲದ ಮೇಲೆ ಕೂತು, ಎಡಗೈಯೊಂದರಲ್ಲೇ ಮಗ್ಗಿನಿಂದ ನೀರು ಸುರಿದು ಪ್ಯಾಂಟು ಉಜ್ಜುತ್ತಿದ್ದರು. ಉಜ್ಜಿದಷ್ಟೂ ಒದ್ದೆ ಹರಡಿತು. ಊಟದ ಗಂಟೆ ಹೊಡೆಯಿತು, ನಿಂತಿತು. ಕೇಳಿದವರಿಗೆಲ್ಲ "ಮಾಸ್ಟ್ರಿಗೆ ಹೊಟ್ಟೆ ಕೆಟ್ಟಿದೆ, ಆ ಕಡೆ ಹೋಗಿ" ಎಂದು ಚೆಕಿಂಗಕ್ಕ ಹೊರಗೆ ಕಾವಲು ನಿಂತಳು. ಎರಡು ಗಂಟೆಗೆ ಬಾಗಿಲು ತೆರೆದಾಗ ಅವರ ಬಾಯಿ ಒಂದು ಕಡೆ ವಾಲಿತ್ತು. ಆಸ್ಪತ್ರೆ ಎಂದಳು. ಮಾಸ್ಟರು ಬೇಡವೆಂದು ತಲೆಯಾಡಿಸಿ, ಪ್ಯಾಂಟು ತೋರಿಸಿ, ಎಡಗೈಯನ್ನು ಎದೆಗಿಟ್ಟು ಬೇಡಿಕೊಂಡರು. ಅವಳು ಉಳಿಕೆ ಬಟ್ಟೆಯ ಒಂದು ತುಂಡು ಅವರ ಸೊಂಟಕ್ಕೆ ಸುತ್ತಿ, ಹಿಂಬಾಗಿಲಿನಿಂದ ಆಟೋ ಹತ್ತಿಸಿ ಮನೆಗೆ ಕಳಿಸಿದಳು.

ಹೆಂಡತಿ ಲೈಬ್ರರಿಯ ಕೆಲಸ ಮುಗಿಸಿ ಐದಕ್ಕೆ ಮನೆಗೆ ಬಂದಾಗ ಗಂಡ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಯಾವಾಗಿಂದ ಹೀಗೆ?"

"ಗೊತ್ತಿಲ್ಲ ಡಾಕ್ಟ್ರೇ. ಬೆಳಿಗ್ಗೆ ಎಂಟಕ್ಕೆ ಸರಿಯಾಗೇ ಇದ್ರು."

"ಸ್ಟ್ರೋಕ್ ಆಗಿದೆ. ಬೇಗ ಬಂದಿದ್ರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು. ಈಗ ಹೊತ್ತು ಮೀರಿಹೋಗಿದೆ."

ಎಂಟು ತಿಂಗಳಲ್ಲಿ ಮಾತು ಬಂತು, ಕಾಲು ಮುಕ್ಕಾಲು ಪಾಲು ಬಂತು. ಬಲಗೈ ಬರಲಿಲ್ಲ. ಹೃದಯಾಘಾತ, ಸ್ಟ್ರೋಕ್ ಆಗಿ ಉಳಿದವರ ಒಂದು ಗುಂಪು ಕಾರ್ಖಾನೆ, ಡಿಪೋಗಳಿಗೆ ಹೋಗಿ ಬಿಪಿ ನೋಡಿ, ನಾಲ್ಕು ಮಾತು ಹೇಳಿ ಬರುತ್ತಿತ್ತು. "ನೀವೂ ಬನ್ನಿ ಅಂಕಲ್, ಅನುಭವಿಸಿದೋರು ಹೇಳಿದ್ರೆ ಜನ ಕೇಳ್ತಾರೆ" ಎಂದು ಫಿಸಿಯೋಥೆರಪಿಯ ಹುಡುಗಿ ಬೆನ್ನು ಹತ್ತಿದಳು. ಮಾಸ್ಟರು ಹೋದರು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ ಎಂದು ಹೇಳಿಕೊಟ್ಟರು. ತಮ್ಮ ವಿಷಯಕ್ಕೆ ಬಂದಾಗ ಮಾತ್ರ, "ಸುಸ್ತು ಅಂದ್ಕೊಂಡು ಮನೆಗೆ ಹೋಗಿ ಮಲಗಿಬಿಟ್ಟೆ" ಎಂದು ಮುಗಿಸಿಬಿಡುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಸದ್ದಿಗೆ ಮಾಸ್ಟರು ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಸ್ಟ್ರೋಕ್ ಆಗಿ ಒಂದೂವರೆ ವರ್ಷಕ್ಕೆ ಗುಂಪು ಅವರನ್ನು ಅವರದೇ ಕಾರ್ಖಾನೆಗೆ ಕರೆದೊಯ್ದಿತು. ಚೆಕಿಂಗಕ್ಕ ಮೊದಲ ಸಾಲಿನಲ್ಲಿದ್ದಳು. 'ಸುಸ್ತು ಅಂದ್ಕೊಂಡು' ಎನ್ನುವಾಗ ಅವಳು ಒಮ್ಮೆ ಅವರ ಮುಖ ನೋಡಿ ಕಣ್ಣು ಕೆಳಗಿಳಿಸಿದಳು. ಮಾಸ್ಟರಿಗೆ ಮುಂದಿನ ಮಾತು ಮರೆತೇಹೋಯಿತು.

ಎಲ್ಲ ಮುಗಿದ ಮೇಲೆ ಬಟ್ಟೆಯ ಥಾನುಗಳ ಹಿಂದೆ ಅವಳೇ ಬಂದು ನಿಂತಳು.

"ಆ ಮೂರು ಗಂಟೆ ಬಿಟ್ಟೇಬಿಟ್ರಲ್ಲ ಮಾಸ್ಟ್ರೇ."

"ನನ್ನ ಮರ್ಯಾದೆ ಕಣಮ್ಮ..." ಕಿವಿ ಬಿಸಿಯಾಯಿತು.

"ಮತ್ತೆ ನನ್ನ ಗತಿ? ಹೊರಗೆ ನಿಂತು ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು ಹೇಳಿದ್ದು ನಾನು. ಕೂಗಿ ಬಾಗಿಲು ಒಡೆಸಿದ್ರೆ ನಿಮ್ಮ ಕೈ ಉಳೀತಿತ್ತೇನೋ. ನಿಮ್ಮ ಮನೆ ಕಡೆ ಬರೋಕೂ ನನಗೆ ಮುಖ ಇರಲಿಲ್ಲ."

ತಮ್ಮನ್ನು ನೋಡಲು ಅವಳು ಬಾರದ್ದು ಅಸಹ್ಯದಿಂದ ಎಂದು ಮಾಸ್ಟರು ಒಂದೂವರೆ ವರ್ಷ ನಂಬಿದ್ದರು. ತಮ್ಮ ಮಾನವನ್ನಷ್ಟೇ ನೋಡಿಕೊಂಡು ಅವಳ ತಲೆಯ ಮೇಲೆ ಏನು ಹೊರಿಸಿದ್ದೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಒದ್ದೆ ಪ್ಯಾಂಟಿನಲ್ಲಿ ನಿಂತ ದಿನ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಸಂಜೆ ಹೆಂಡತಿಗೆ ಆ ದಿನದ್ದನ್ನೆಲ್ಲ ಹೇಳಿದರು. "ಪ್ಯಾಂಟು ಒಗೆದಿದ್ದು ಯಾರು ಅಂದ್ಕೊಂಡ್ರಿ?" ಎಂದು ಆಕೆ ತರಕಾರಿ ಹೆಚ್ಚುತ್ತಲೇ ಇದ್ದರು. ಆದರೆ ಚಿಲಕ ಹಾಕಿಕೊಂಡು ಮೂರು ಗಂಟೆ ಕೂತ ಸಂಗತಿ ಕೇಳಿದಾಗ ಚಾಕು ಕೆಳಗಿಟ್ಟರು. "ನಮಗಿಂತ ಆ ಪ್ಯಾಂಟೇ ಹೆಚ್ಚಾಯ್ತೇನ್ರೀ?" ಎಂದವರು ಎರಡು ದಿನ ಮಾತಾಡಲಿಲ್ಲ.

ಮುಂದಿನ ವಾರ ಬಸ್ ಡಿಪೋದಲ್ಲಿ ಮಾಸ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಮಾಸ್ಟರ ಮೈಯೆಲ್ಲ ಬೆವೆತಿತು.

"ನಗ್ರಪ್ಪ. ಬೇರೆಯವರದ್ದಾಗಿದ್ರೆ ನಾನೂ ನಗ್ತಿದ್ದೆ. ಪ್ಯಾಂಟು ಆ ಸಂಜೆಗೇ ಒಣಗ್ತು. ಈ ಕೈ ನೋಡಿ." ಎಡಗೈಯಿಂದ ಬಲಗೈ ಎತ್ತಿ ಹಿಡಿದು ಬಿಟ್ಟರು. ಅದು ತೊಡೆಯ ಮೇಲೆ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬ ಡ್ರೈವರು ಹತ್ತಿರ ಬಂದು, ಬೆಳಿಗ್ಗೆ ಸ್ವಲ್ಪ ಹೊತ್ತು ತನ್ನ ನಾಲಿಗೆ ಹೊರಳಲಿಲ್ಲ, ಈಗ ಸರಿಹೋಗಿದೆ, ಕುಡಿದಿದ್ದಾನೆ ಅಂದುಕೊಳ್ಳುತ್ತಾರೆಂದು ಯಾರಿಗೂ ಹೇಳಿಲ್ಲ ಎಂದ. ಮಾಸ್ಟರು ಅವನನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದರು. ದೊಡ್ಡ ಸ್ಟ್ರೋಕಿನ ಮುನ್ಸೂಚನೆ ಎಂದು ಡಾಕ್ಟರು ಅಂದೇ ದಾಖಲು ಮಾಡಿಕೊಂಡರು; ಹತ್ತು ದಿನದಲ್ಲಿ ಅವನು ನಡೆದುಕೊಂಡೇ ಮನೆಗೆ ಹೋದ.

ಮಾಸ್ಟರಿಗೆ ನಾಚಿಕೆ ಹೋಗಿಲ್ಲ. ಪ್ರತಿ ಸಲ ಒದ್ದೆ ಪ್ಯಾಂಟಿನ ಮಾತಿಗೆ ಬಂದಾಗ ಕಣ್ಣು ನೆಲ ಹುಡುಕುತ್ತದೆ. ಆದರೂ ಹೇಳುತ್ತಾರೆ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಚೆಕಿಂಗಕ್ಕನ ಮನೆಗೂ ಹೋದರು.

"ಚಿಲಕ ಹಾಕ್ಕೊಂಡಿದ್ದು ನಾನು ಕಣಮ್ಮ. ನೀನಲ್ಲ," ಎಂದರು. ಮುಖ ಎತ್ತಿ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು, ಆಗಲಿಲ್ಲ.

ಅವಳು ಕಣ್ಣೊರೆಸಿಕೊಂಡು, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, "ಕೂತ್ಕೊಳ್ಳಿ ಮಾಸ್ಟ್ರೇ" ಎಂದಳು.