ಅಂಗಡಿ ಮುಂದೆ ಓದಿದ ನನ್ನ ಬರಹ

ನಿನ್ನೆ ಸಂಜೆ ಮೆಟ್ರೋದಲ್ಲಿ ಪಕ್ಕಕ್ಕೆ ಬಂದು ನಿಂತವರ ಮೈಯಿಂದ ನೋವಿನ ಸ್ಪ್ರೇ ವಾಸನೆ ಬಂತು. ಆ ವಾಸನೆ ಬಂದರೆ ನನಗೆ ಈಗಲೂ ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಕಬಡ್ಡಿ ಆಟಗಾರ. ಮೊದಲು ವೃತ್ತಿಪರ ತಂಡವೊಂದರಲ್ಲಿ ರೇಡರ್ ಆಗಿದ್ದೆ. ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಅವರದೇ ತಂಡದಲ್ಲಿ ಆಟ. ಬಿ.ಎ. ಮಾಡಿದ್ದೇನೆ ಎಂಬುದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದ ಮೊದಲನೆಯವನು ನಾನೇ. ಆನೇಕಲ್ ಕಡೆ ಗುಲಾಬಿ ತೋಟದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದ ಅಮ್ಮನಿಗೆ ಅಕ್ಷರ ಬಾರದು.

ರೇಡ್‌ಗೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು; ನಿಲ್ಲಿಸಿದರೆ ಔಟ್. ಒಂದು ಸೀಸನ್‌ನಲ್ಲಿ, ಗೆರೆ ದಾಟುತ್ತಲೇ ನನ್ನ ಕಬಡ್ಡಿ ಕಬಡ್ಡಿ ಅರ್ಧಕ್ಕೇ ನಿಲ್ಲತೊಡಗಿತು. ಆಮೇಲೆ ಬೆಳಗ್ಗೆ ಏಳುವುದೂ ಕಷ್ಟವಾಯಿತು. ನಮ್ಮ ಆಟದಲ್ಲಿ ಮಂಡಿನೋವಿಗೆ ಬಹಳ ಮರ್ಯಾದೆ. ಕೋಚೇ ಐಸ್ ತಂದುಕೊಡುತ್ತಾರೆ. ಮನಸ್ಸು ಕುಸಿದಿದೆ ಎಂದರೆ ಐಸ್ ಎಲ್ಲಿ ಇಡುತ್ತಾರೆ? ಹಾಗಾಗಿ ಕೋಚ್‌ಗೂ ಅಮ್ಮನಿಗೂ ಮಂಡಿನೋವು ಎಂದು ಹೇಳಿ, ಮಂಡಿಗೆ ಸ್ಪ್ರೇ ಹೊಡೆದುಕೊಂಡು ಮಲಗುತ್ತಿದ್ದೆ. ನನ್ನ ಮೈಯಲ್ಲಿ ಆ ಮಂಡಿಯಷ್ಟು ಗಟ್ಟಿಯಾಗಿದ್ದ ಜಾಗ ಬೇರೆ ಇರಲಿಲ್ಲ.

ಕೊನೆಗೆ ತಂಡದ ಫಿಸಿಯೋ ಬಾಗಿಲು ಹಾಕಿಕೊಂಡು ಕೇಳಿದ: “ಗುರು, ಮೊನ್ನೆ ಎಡಗಾಲು ಅಂದೆ, ಇವತ್ತು ಬಲಗಾಲಿಗೆ ಹೊಡ್ಕೊಂಡಿದೀಯ. ನೋವು ಎಲ್ಲಿದೆ ನಿಜವಾಗ್ಲೂ?”

ಅವನೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಮಾತ್ರೆ, ಮಾತು, ನಿಧಾನವಾಗಿ ನಿದ್ದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ, ದೊಡ್ಡ ದೊಡ್ಡ ಆಟಗಾರರು ತಮ್ಮ ಖಿನ್ನತೆಯ ಬಗ್ಗೆ ಬರೆದದ್ದನ್ನು ಓದಿದೆ. ನಮ್ಮ ಮಣ್ಣಿನ ಆಟದವರು ಬರೆದದ್ದು ಕಣ್ಣಿಗೆ ಬೀಳಲಿಲ್ಲ. ಡಿಗ್ರಿ ಇದೆಯಲ್ಲ, ನಾನೇ ಬರೆದು ಪತ್ರಿಕೆಗೆ ಕಳಿಸಿದೆ. ತಂಡ ಏನನ್ನುತ್ತದೋ ಎಂಬ ಭಯ ಇತ್ತು. ಅಮ್ಮ ಕುಗ್ಗಿಬಿಡುತ್ತಾಳೆ ಎಂಬ ಭಯ ಅದಕ್ಕಿಂತ ಹೆಚ್ಚು.

ಅಮ್ಮನದೊಂದು ಪದ್ಧತಿ. ಪೇಪರಿನಲ್ಲಿ ನನ್ನ ಫೋಟೋ ಬಂದರೆ ಗೆದ್ದೆ ಎಂದೇ ಲೆಕ್ಕ. ಸಿಹಿ ತಂದು, ನಂಜಪ್ಪಣ್ಣನ ದಿನಸಿ ಅಂಗಡಿ ಮುಂದೆ ಬೀದಿಯವರನ್ನೆಲ್ಲ ಸೇರಿಸಿ, ಅವನ ಕೈಲಿ ಜೋರಾಗಿ ಓದಿಸುತ್ತಾಳೆ. ಬರಹ ಬಂದ ದಿನ ಮೊದಲು ನಾನೇ ಹೇಳಬೇಕೆಂದು ಬೆಳಗಿನ ಬಸ್ಸು ಹಿಡಿದೆ. ಇಳಿಯುವಷ್ಟರಲ್ಲಿ ಓದು ಶುರುವಾಗಿತ್ತು. ನನ್ನ ಫೋಟೋ ಯಾವತ್ತಿಗಿಂತ ದೊಡ್ಡದಾಗಿತ್ತು, ಮೈಸೂರುಪಾಕಿನ ಡಬ್ಬವೂ.

“‘ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಬದುಕುವುದೇ ಬೇಡ ಅನ್ನಿಸುತ್ತಿತ್ತು...’” ನಂಜಪ್ಪಣ್ಣ ಅಲ್ಲಿಗೆ ನಿಲ್ಲಿಸಿ ಪೇಪರ್ ಮಡಚಿದ. “ಏನಿಲ್ಲ ಬಿಡಕ್ಕ, ಆಟದ್ ವಿಚಾರ.”

ಬಾಯಲ್ಲಿ ಸಿಹಿ ಇದ್ದವರು ಅಗಿಯುವುದನ್ನು ಮರೆತರು.

“ಗಾಳಿಗೀಳಿ ಸೋಕೈತೇನೋ,” ಎಂದರು ಒಬ್ಬರು.

“ಇನ್ ಹೆಣ್ ಕೊಟ್ಟಂಗೇಯ,” ಎಂದರು ಇನ್ನೊಬ್ಬರು.

ನಾನು ವಿದ್ಯುತ್ ಕಂಬದ ಹಿಂದೆ ನಿಂತಿದ್ದೆ. ಆರಡಿ ಆಳು, ಕಂಬ ಸಾಲುತ್ತಿರಲಿಲ್ಲ.

“ಪೂರ್ತಿ ಓದಪ್ಪ,” ಎಂದಳು ಅಮ್ಮ. “ಬರ್ಯಕ್ಕೆ ಅವ್ನೇ ಎದರ್ನಿಲ್ಲ, ಓದಕ್ಕೆ ನೀನ್ ಎದರ್ತೀಯ?”

ಅವನು ಕೊನೆಯವರೆಗೂ ಓದಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಡಬ್ಬ ತೆಗೆದು ಮಿಕ್ಕವರಿಗೆ ಹಂಚತೊಡಗಿದಳು.

“ಈಗ್ಯಾತಕ್ಕಕ್ಕ ಸಿಹಿ?” ಎಂದ ನಂಜಪ್ಪಣ್ಣ.

“ಬದುಕವ್ನಲ್ಲ, ಅದ್ಕೆ.”

ನಾನು ಕಂಬದ ಹಿಂದಿನಿಂದ ಬಂದೆ. ಮನೆಗೆ ನಡೆಯುವಾಗ ಅಮ್ಮ ಬೈದದ್ದು ಒಂದೇ ವಿಷಯಕ್ಕೆ. “ಮಂಡಿನೋವು ಅಂತ ಯಾಕ್ಲಾ ಅಂದೆ? ಮುನೇಸ್ವರಂಗೆ ಅರಕೆ ಕಟ್ವಾಗ ಮಂಡಿ ಅಂತ್ಲೇ ಏಳಿದ್ನಲ್ಲೋ. ಈಗ ಇನ್ನೊಂದ್ ಸರ್ತಿ ಓಗಿ ಸರಿಯಾಗ್ ಏಳ್ಬೇಕು.”

ಮುಂದಿನ ಸೀಸನ್‌ಗೆ ತಂಡ ನನ್ನನ್ನು ಉಳಿಸಿಕೊಳ್ಳಲಿಲ್ಲ. ಕಾರಣ ಅವರು ಹೇಳಲಿಲ್ಲ. ಆದರೆ ಬೇರೆ ಬೇರೆ ತಂಡಗಳ ಆಟಗಾರರು ಫೋನ್ ಮಾಡಿ, “ಅಣ್ಣ, ನಂಗೂ ಹಂಗೇ ಆಗ್ತೈತೆ,” ಎನ್ನತೊಡಗಿದರು. ಇಬ್ಬರು ಈಗ ಅದೇ ಡಾಕ್ಟರ ಹತ್ತಿರ ಹೋಗುತ್ತಾರೆ, ಆಡುತ್ತಲೂ ಇದ್ದಾರೆ.

ಅವತ್ತಿನಿಂದ ಅಮ್ಮ ಫೋನಿನಲ್ಲಿ ಎರಡು ಮಾತು ಕೇಳುತ್ತಾಳೆ: “ಉಂಡ್ಯಾ? ಮನ್ಸೆಂಗೈತೆ?”

ನಿನ್ನೆ ನಾನು ಮೆಟ್ರೋದಲ್ಲಿದ್ದಾಗಲೂ ಫೋನ್ ಮಾಡಿ ಕೇಳಿದಳು. “ಚೆನ್ನಾಗೈತಮ್ಮ. ನಿಂದು?” ಎಂದೆ. ತಿರುಗಿ ಕೇಳಬೇಕೆಂದು ಈ ಬಿ.ಎ.ಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

“ನಂದೇನ್ಲಾ,” ಎಂದಳು. ಆಮೇಲೆ, “ಅಷ್ಟೇನ್ ಚೆನ್ನಾಗಿಲ್ಲ ಕಣೋ,” ಎಂದಳು.

ನಾಗಸಂದ್ರ ಬಂತು. ಇಳಿದು, ಜನರನ್ನು ಹೋಗಲು ಬಿಟ್ಟು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆ.

“ಹೇಳಮ್ಮ,” ಎಂದೆ. “ನಂಗೇನೂ ಅರ್ಜೆಂಟಿಲ್ಲ.”