‘ಮಗಳಿದ್ದಂಗ’ ಅಂದರೆ ಉಪಮೆ

“ಉಪಮೆಗೂ ರೂಪಕಕ್ಕೂ ಏನಮ್ಮಾ ವ್ಯತ್ಯಾಸ?” ಎಂದು ಹಿರಿಯ ಪಂಡಿತರು ಕೇಳಿದರು. ಸ್ವಾತಂತ್ರ್ಯ ಬಂದ ಹೊಸದು. ಬಳ್ಳಾರಿಯ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಸಂದರ್ಶನಕ್ಕೆ ಕುಳಿತಿದ್ದೆ. ಗಂಡ ತೀರಿಕೊಂಡು ವರ್ಷವಾಗಿತ್ತು. ನನ್ನನ್ನು ಕುರುಗೋಡಿನ ತವರಿಗೆ ಕಳಿಸಿಬಿಡಿ ಎಂದು ನೆಂಟರೆಲ್ಲ ಅತ್ತೆಯ ಬೆನ್ನು ಹತ್ತಿದ್ದರು. ಅತ್ತೆ ಯಾರ ಮಾತಿಗೂ ಕಿವಿಗೊಡದೆ ನನ್ನನ್ನು ಸಿರುಗುಪ್ಪದಿಂದ ಇಲ್ಲಿಗೆ ಕರೆತಂದಿದ್ದರು.

ಬಾಯಿಪಾಠ ಮಾಡಿದ್ದ ಲಕ್ಷಣಗಳೆಲ್ಲ ಮರೆತುಹೋಗಿದ್ದವು. ಹೊಳೆದದ್ದನ್ನೇ ಹೇಳಿಬಿಟ್ಟೆ.

“ಮದುವಿ ಆದಾಗ ನಮ್ಮತ್ತಿ ‘ನೀ ನನ್ನ ಮಗಳಿದ್ದಂಗ’ ಅಂದಿದ್ರು. ಅದು ಉಪಮೆ. ಇವತ್ತು ಬಸ್ಸಿನಾಗ ಒಬ್ಬಾಕಿ ‘ಈ ಹುಡುಗಿ ನಿಮಗೇನಾಗಬೇಕ್ರಿ?’ ಅಂತ ಕೇಳಿದ್ಲು. ಅತ್ತಿ ‘ನನ್ನ ಮಗಳು’ ಅಂದ್ರು. ಅದು ರೂಪಕ ರೀ.”

ಪಂಡಿತರು ಎದ್ದು ಹೊರಗೆ ನಡೆದರು. ನಾನೂ ಗಾಬರಿಯಿಂದ ಹಿಂದೆ ಹೋದೆ. ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ದಡಬಡಿಸಿ ಎದ್ದು, ಸೆರಗು ಸರಿಮಾಡಿಕೊಂಡು, “ಯಾಕ್ರಿ, ನಮ್ಮ ಹುಡುಗಿ ಏನರ ತಪ್ಪು ಹೇಳಿದ್ಲೇನ್ರಿ?” ಎಂದರು.

“ಇಲ್ಲ ತಾಯಿ, ಸರಿಯಾಗಿ ಹೇಳ್ಯಾಳ. ಶಾಲೆ ಸುರುವಾಗೋ ದಿನ ಹಾಸಿಗಿ, ಪೆಟ್ಟಿಗಿ ಸಮೇತ ಕರ್ಕೊಂಡು ಬರ್ರಿ” ಎಂದು ಪಂಡಿತರು ಕೈಮುಗಿದರು. ಅತ್ತೆ ಅಲ್ಲಿಯೇ ಅತ್ತುಬಿಟ್ಟರು.

ನಿವೃತ್ತಿಯಾಗುವವರೆಗೂ ಸಿರುಗುಪ್ಪದಲ್ಲಿ ಕನ್ನಡ ಕಲಿಸಿದೆ. ಅಲಂಕಾರದ ಪಾಠ ಬಂದ ದಿನ ಪುಸ್ತಕ ಮುಚ್ಚಿಸಿ, “ಮನ್ಯಾಗ ನಿಮ್ಮನ್ನ ಮುದ್ದಿನಿಂದ ಏನಂತ ಕರೀತಾರ?” ಎಂದು ಮಕ್ಕಳನ್ನು ಕೇಳುತ್ತಿದ್ದೆ. ಕೂಡಲೇ ‘ಬಂಗಾರ’, ‘ಗಿಣಿ’ ಎನ್ನುತ್ತ ತರಗತಿಯ ತುಂಬ ಕೈಗಳು ಮೇಲೇಳುತ್ತಿದ್ದವು.